ಥಿನ್ನರ್ ವಾಸನೆಯನ್ನು ಗೊಬ್ಬರ ತಿನ್ನುತ್ತದೆಯೇ?



ಸ್ಕ್ರೀನ್ ಪ್ರಿಂಟಿಂಗ್ ಕೆಲಸಕ್ಕೆ ಹೋಗುವ ಸಹೋದರಿಯೊಬ್ಬರು ಸಂಘದ ಸಭೆಯಲ್ಲಿ, "ಮನೆಗೆ ಬಂದರೂ ಮೂಗಿನಿಂದ ಥಿನ್ನರ್ ವಾಸನೆ ಹೋಗಲ್ಲ, ತಲೆ ಸಿಡಿಯುತ್ತೆ" ಅಂದರು. ಜೆ.ಪಿ. ನಗರದ ಸಾರಕ್ಕಿ ಕಡೆಯ ಸಣ್ಣ ವರ್ಕ್‌ಶಾಪ್‌ಗಳಲ್ಲಿ, ಬಿ.ಟಿ.ಎಂ. ಆಚೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿಗೆ ಇದು ಹೊಸದಲ್ಲ. ಬಣ್ಣ, ಪಾಲಿಶ್, ಅಂಟು, ಬಟ್ಟೆಯ ಕಲೆ ತೆಗೆಯುವ ದ್ರವ ಇವುಗಳಲ್ಲಿ ಬೇಗ ಆವಿಯಾಗುವ ದ್ರಾವಕಗಳಿರುತ್ತವೆ. ಥಿನ್ನರ್‌ನಲ್ಲಿ ಹೆಚ್ಚಾಗಿ ಇರುವುದು ಟಾಲ್ಯೂಯಿನ್. ಅದರ ಆವಿಯಿಂದ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ. ಬಸುರಿಯರಂತೂ ದೂರವೇ ಇರಬೇಕು.

ಈ ಆವಿಯನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ ಅಂದರೆ ನಂಬುತ್ತೀರಾ? ತರಕಾರಿ ಸಿಪ್ಪೆಯಿಂದ ನಾವು ಮಾಡುವ ಗೊಬ್ಬರದಂಥದ್ದರಲ್ಲೇ ಅವು ಇರುತ್ತವೆ. ಇವುಗಳಿಂದ ಗಾಳಿ ಶುದ್ಧಮಾಡುವ ಏರ್ಪಾಡಿಗೆ ಬಯೋಫಿಲ್ಟರ್ ಎನ್ನುತ್ತಾರೆ. ಅಮೆರಿಕದ ರಿಚರ್ಡ್ ಪೊಮೆರಾಯ್ 1957ರಲ್ಲೇ ಕೊಳಚೆ ವಾಸನೆಗೆ ಮಣ್ಣಿನ ಹಾಸಿಗೆಯ ಪೇಟೆಂಟ್ ಪಡೆದಿದ್ದರು. 1980ರ ದಶಕದಲ್ಲಿ ಜರ್ಮನಿ, ನೆದರ್ಲೆಂಡ್ಸ್ ಕಾರ್ಖಾನೆಗಳು ಇದನ್ನು ಹೆಚ್ಚಾಗಿ ಬಳಸಿದವು.

ಫ್ಯಾನ್ ಕೆಟ್ಟ ಗಾಳಿಯನ್ನು ಎಳೆದು, ತೇವ ಮಾಡಿ, ಗೊಬ್ಬರ ಮತ್ತು ಮರದ ಚೂರು ಅಥವಾ ತೆಂಗಿನ ನಾರು ಬೆರೆಸಿದ ಸುಮಾರು ಒಂದು ಮೀಟರ್ ದಪ್ಪದ ಹಾಸಿಗೆಯೊಳಗೆ ಹಾಯಿಸುತ್ತದೆ. ಆವಿ ಅಲ್ಲಿನ ನೀರಿನ ಪೊರೆಯಲ್ಲಿ ಕರಗುತ್ತದೆ, ಜೀವಿಗಳು ಅದನ್ನು ತಿನ್ನುತ್ತವೆ, ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಹಾಸಿಗೆ ಒಣಗಿದರೆ ಬಿರುಕಿನಿಂದ ಗಾಳಿ ಹಾಗೇ ನುಗ್ಗಿಬಿಡುತ್ತದೆ. ಹಿಂಡಿದ ಸ್ಪಂಜಿನಷ್ಟು ಹಸಿ ಇರಬೇಕು, ನಮ್ಮ ಬೇಸಿಗೆಯಲ್ಲಿ ಇದೇ ಕಷ್ಟ. ಕೆಲವು ವರ್ಷಕ್ಕೆ ಗೊಬ್ಬರ ಕುಸಿದು ಗಟ್ಟಿಯಾಗುತ್ತದೆ, ಆಗ ಬದಲಿಸಬೇಕು. ಡ್ರೈಕ್ಲೀನಿಂಗ್‌ನ ಕ್ಲೋರಿನ್ ಇರುವ ದ್ರಾವಕಗಳನ್ನು ಈ ಜೀವಿಗಳು ಸುಲಭವಾಗಿ ಅರಗಿಸಿಕೊಳ್ಳುವುದಿಲ್ಲ.

ಹಾಗಾದರೆ ಮೂಲೆಯಲ್ಲಿ ಒಂದು ಬಕೆಟ್ ಗೊಬ್ಬರ ಇಟ್ಟರೆ ಸಾಕೇ? ಸಾಲದು. ಗಾಳಿ ಹಾಸಿಗೆಯಲ್ಲಿ ಅರ್ಧದಿಂದ ಒಂದು ನಿಮಿಷ ಇರಬೇಕು. ನಿಮಿಷಕ್ಕೆ 10 ಘನ ಮೀಟರ್ ಎಳೆಯುವ ಸಣ್ಣ ಎಕ್ಸಾಸ್ಟ್ ಫ್ಯಾನಿಗೂ, ಒಂದು ನಿಮಿಷದ ಲೆಕ್ಕ ಹಿಡಿದರೆ, 10 ಅಡಿಗೆ 10 ಅಡಿ ಜಾಗ ಬೇಕು! ಅದು ಮಾಲೀಕರು ಮಾಡಿಸಬೇಕಾದ ಕೆಲಸ. ಅದೂ ಹೊರಗೆ ಹೋಗುವ ಗಾಳಿಯನ್ನು ಮಾತ್ರ ಶುದ್ಧ ಮಾಡುತ್ತದೆ, ಅಕ್ಕಪಕ್ಕದ ಮನೆಗಳಿಗೆ ಒಳ್ಳೆಯದು. ಕೆಲಸದವರ ಮೂಗಿಗೆ ಆವಿ ಬರಬಾರದೆಂದರೆ ಮೇಜಿನ ಹತ್ತಿರವೇ ಗಾಳಿ ಎಳೆಯುವ ವ್ಯವಸ್ಥೆ ಬೇಕು. ಇದನ್ನು ಎಲ್ಲರೂ ಒಟ್ಟಿಗೆ ಹೋಗಿ ಕೇಳಿ. ಬಟ್ಟೆ ಮಾಸ್ಕ್ ಧೂಳಿಗೆ ಸ್ವಲ್ಪ ಆದೀತು, ಆವಿಗೆ ಏನೂ ಪ್ರಯೋಜನವಿಲ್ಲ.

ಸಂಘದ ಸಾಲದಲ್ಲಿ ಮನೆಯಲ್ಲೇ ಪ್ರಿಂಟಿಂಗ್ ಮಾಡುವವರು ಆದಷ್ಟು ನೀರಿನ ಇಂಕ್ ಬಳಸಿ, ಥಿನ್ನರ್ ಡಬ್ಬಿಯ ಮುಚ್ಚಳ ಹಾಕಿಡಿ. ಈ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಸ್ಟೌವಿನ ಬೆಂಕಿ ಮುಟ್ಟಬಹುದು. ಅದೇ ಕೋಣೆಯಲ್ಲಿ ಅಡುಗೆ ಬೇಡ, ದೀಪವೂ ಬೇಡ.