ಗೊಂಬೆಗಳೇ ಹೆಚ್ಚಾದ ಊರು

ಬಸ್ ತಂಗುದಾಣದಲ್ಲಿ ಮೂವರು ಕುಳಿತಿದ್ದರು. ದಾರಿ ಕೇಳೋಣವೆಂದು ಕಾರು ನಿಲ್ಲಿಸಿ, ಗೊತ್ತಿದ್ದ ನಾಲ್ಕು ಜಪಾನಿ ಪದಗಳನ್ನು ಜೋಡಿಸಿಕೊಂಡು ಮಾತನಾಡಿಸಿದೆ. ಯಾರೂ ಮುಖವೆತ್ತಲಿಲ್ಲ. ಹತ್ತಿರ ಹೋಗಿ ನೋಡಿದರೆ ಕಣ್ಣುಗಳಿರಬೇಕಾದಲ್ಲಿ ಅಂಗಿಯ ಗುಂಡಿಗಳು, ಕೂದಲಿನ ಬದಲು ಉಣ್ಣೆಯ ನೂಲು. ನಾಗೊರೊ ಎಂಬ ಊರು ನನ್ನನ್ನು ಬರಮಾಡಿಕೊಂಡದ್ದು ಹೀಗೆ.

ಜಪಾನ್ ಎಂದೊಡನೆ ನಮಗೆ ನೆನಪಾಗುವುದು ಟೋಕಿಯೊದ ಜನಸಾಗರ, ಕ್ಯೋಟೊದ ದೇಗುಲಗಳು, ಫುಜಿ ಪರ್ವತ ಮತ್ತು ಗುಂಡಿನ ವೇಗದ ರೈಲು. ಆ ರೈಲು ಇಂದಿಗೂ ಕಾಲಿಡದ ದ್ವೀಪ ಶಿಕೋಕು. ದೇಶದ ನಾಲ್ಕು ಪ್ರಮುಖ ದ್ವೀಪಗಳಲ್ಲಿ ಅದೇ ಚಿಕ್ಕದು. ಒಕಯಾಮಾದಲ್ಲಿ ರೈಲು ಬದಲಿಸಿ, 1988ರಲ್ಲಿ ಸಂಚಾರಕ್ಕೆ ತೆರೆದ ಸೆತೊ ಮಹಾಸೇತುವೆಯ ಮೇಲೆ ಸಮುದ್ರ ದಾಟಿದರೆ ಸುಮಾರು ಎರಡು ಗಂಟೆಯಲ್ಲಿ ಒಬೊಕೆ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಮುಂದಿನದೆಲ್ಲ ಇಯಾ ಕಣಿವೆಯ ಕಡಿದಾದ, ಕಿರಿದಾದ ಹಾದಿ. ಬಸ್ಸುಗಳು ವಿರಳ, ಹೀಗಾಗಿ ಬಾಡಿಗೆ ಕಾರು ಹಿಡಿದಿದ್ದೆ.

ಹನ್ನೆರಡನೆಯ ಶತಮಾನದಲ್ಲಿ ಯುದ್ಧದಲ್ಲಿ ಸೋತ ಹೈಕೆ ವಂಶದವರು ಈ ಕಣಿವೆಯಲ್ಲಿ ಅಡಗಿದ್ದರೆಂಬುದು ಐತಿಹ್ಯ. ಶತ್ರುಗಳು ಬೆನ್ನಟ್ಟಿ ಬಂದರೆ ಕ್ಷಣದಲ್ಲಿ ಕಡಿದುಹಾಕಲು ಅನುಕೂಲವಾಗಲೆಂದು ಅವರು ಬಳ್ಳಿಗಳಿಂದ ತೂಗುಸೇತುವೆ ಕಟ್ಟಿದರಂತೆ. ಈಗಲೂ ಒಂದು ಸೇತುವೆ ನದಿಯಿಂದ 14 ಮೀಟರ್ ಎತ್ತರದಲ್ಲಿ 45 ಮೀಟರ್ ಉದ್ದಕ್ಕೆ ತೂಗುತ್ತಿದೆ. ಬಳ್ಳಿಯೊಳಗೆ ಉಕ್ಕಿನ ಹಗ್ಗ ಸೇರಿಸಿದ್ದಾರೆಂದು ತಿಳಿದಿದ್ದರೂ, ಹಲಗೆಗಳ ಸಂದಿಯಲ್ಲಿ ನೀರು ಕಂಡಾಗ ನನ್ನ ಕಾಲು ನಡುಗಿದ್ದು ನಿಜ. ಕಾಡಿನಿಂದ ಹೊಸ ಬಳ್ಳಿ ತಂದು ಮೂರು ವರ್ಷಕ್ಕೊಮ್ಮೆ ಅದನ್ನು ಮತ್ತೆ ಹೆಣೆಯುತ್ತಾರೆ. ಹೆಣೆಯುವ ಕೈಗಳಿರುವವರೆಗೆ ಸೇತುವೆ ಇರುತ್ತದೆ.

ನಾಗೊರೊ ಇರುವುದು ಇದೇ ಕಣಿವೆಯ ಮೇಲ್ಭಾಗದಲ್ಲಿ. ಅಲ್ಲಿ ಆ ಕೈಗಳೇ ಇಲ್ಲವಾಗಿವೆ. ಹಿಂದೆ ಸುಮಾರು 300 ಮಂದಿಯಿದ್ದ ಊರಿನಲ್ಲಿ 2019ರ ಹೊತ್ತಿಗೆ ಉಳಿದವರು 30ಕ್ಕಿಂತ ಕಡಿಮೆ. ವೃದ್ಧ ತಂದೆಯನ್ನು ನೋಡಿಕೊಳ್ಳಲೆಂದು ತ್ಸುಕಿಮಿ ಅಯಾನೊ ಎಂಬ ಮಹಿಳೆ ಈ ಶತಮಾನದ ಆರಂಭದಲ್ಲಿ ಒಸಾಕಾದಿಂದ ಹಿಂದಿರುಗಿದರು. ಬಿತ್ತಿದ ಬೀಜಗಳನ್ನು ಹಕ್ಕಿಗಳು ಹೆಕ್ಕಿದಾಗ ತಂದೆಯನ್ನೇ ಹೋಲುವ ಬೆದರುಬೊಂಬೆಯೊಂದನ್ನು ಹೊಲದಲ್ಲಿ ನಿಲ್ಲಿಸಿದರು. ದಾರಿಹೋಕ ನೆರೆಯವರು ಅದನ್ನು ತಂದೆಯೆಂದೇ ಭಾವಿಸಿ ಮಾತನಾಡಿಸಿದರಂತೆ. ಅಲ್ಲಿಂದ ಮುಂದೆ ತೀರಿಕೊಂಡವರು, ಊರು ಬಿಟ್ಟವರು ಒಬ್ಬೊಬ್ಬರಾಗಿ ಗೊಂಬೆಗಳಾಗಿ ಮರಳತೊಡಗಿದರು. ಹಳೆಯ ಪತ್ರಿಕೆ, ಹತ್ತಿ, ಹಳೆ ಬಟ್ಟೆ – ಇಷ್ಟೇ ಸಾಮಗ್ರಿ. ಮಳೆ ಬಿಸಿಲಿಗೆ ಅವೂ ಕೆಲವೇ ವರ್ಷ ಬಾಳುತ್ತವೆ. ಮತ್ತೆ ಹೊಸದಾಗಿ ಮಾಡಬೇಕು.

ಊರಿನ ಶಾಲೆ 2012ರಲ್ಲಿ ಮುಚ್ಚಿತು. ಆಗ ಉಳಿದಿದ್ದವರು ಇಬ್ಬರೇ ವಿದ್ಯಾರ್ಥಿಗಳು. ಈಗ ಶಾಲೆಯ ಮೇಜುಗಳ ಮುಂದೆ ಗೊಂಬೆ ಮಕ್ಕಳು ಕುಳಿತಿವೆ. ನಾನು ಒಂದರ ಹಿಂದೊಂದು ಚಿತ್ರ ತೆಗೆದೆ. ಅಪರೂಪದ ಜಾಗ ಕಂಡುಹಿಡಿದೆನೆಂಬ ಪ್ರವಾಸಿಗನ ಹೆಮ್ಮೆ ನನ್ನಲ್ಲೂ ಇತ್ತು.

ಹೊರಬಂದಾಗ ರಸ್ತೆಯ ಕೆಳಗಿನ ತರಕಾರಿ ಪಾತಿಯಲ್ಲಿ ಇನ್ನೊಂದು ಗೊಂಬೆ ಕಂಡಿತು. ಅಗಲವಾದ ಟೋಪಿ, ಕೊರಳಿಗೆ ಸುತ್ತಿದ ವಸ್ತ್ರ, ಕೈಗವಸು, ಬಾಗಿದ ಬೆನ್ನು. ಎಷ್ಟು ಸಹಜವಾಗಿ ಮಾಡಿದ್ದಾರೆಂದು ಮೆಚ್ಚುತ್ತ ಎರಡು ಚಿತ್ರ ತೆಗೆದೆ. ಮೂರನೆಯದಕ್ಕೆ ಕ್ಯಾಮೆರಾ ಎತ್ತಿದಾಗ ಗೊಂಬೆ ಮೆಲ್ಲಗೆ ಎದ್ದು ನಿಂತು, ಟೋಪಿ ತೆಗೆದು, ತಲೆಬಾಗಿ ವಂದಿಸಿತು. ಎಂಬತ್ತು ದಾಟಿರಬಹುದಾದ ಅಜ್ಜ. ನಾಚಿಕೆಯಿಂದ ನಾನೂ ಬಾಗಿದೆ. ಊರೊಳಗೆ ಅಂದು ನಾನು ಕಂಡ ಏಕೈಕ ಜೀವಂತ ಮನುಷ್ಯನನ್ನು ಪ್ರದರ್ಶನದ ವಸ್ತುವೆಂದು ತಿಳಿದಿದ್ದೆ.

ಇದು ಒಂದೇ ಊರಿನ ಕತೆಯಲ್ಲ. 2008ರ ಸುಮಾರಿಗೆ ಶಿಖರ ಮುಟ್ಟಿದ ಜಪಾನಿನ ಜನಸಂಖ್ಯೆ ಅಲ್ಲಿಂದ ಇಳಿಯುತ್ತಿದೆ. 2023ರ ಸಮೀಕ್ಷೆಯ ಪ್ರಕಾರ ಆ ದೇಶದಲ್ಲಿ 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ಕೆಲಸ, ಕಾಲೇಜು, ಮದುವೆ ಎಂದು ಯುವಜನ ನಗರಕ್ಕೆ ಹೋದದ್ದು ತಪ್ಪಲ್ಲ. ಹೋದವರು ಮರಳಲಿಲ್ಲ, ಅಷ್ಟೆ.

ನನಗೆ ತೀರ್ಥಹಳ್ಳಿ ಸೀಮೆಯ ನಮ್ಮ ಮನೆ ನೆನಪಾಯಿತು. ಹನ್ನೊಂದು ಜನ ಉಣ್ಣುತ್ತಿದ್ದ ಆ ಮನೆಯಲ್ಲಿ ಈಗ ಸೋದರಮಾವ ಒಬ್ಬರೇ ತೋಟ ನೋಡಿಕೊಂಡಿದ್ದಾರೆ. ಗದ್ದೆಗೆ ಬೆರ್ಚಪ್ಪ ನಿಲ್ಲಿಸುವುದನ್ನು ನನಗೆ ಕಲಿಸಿದವರು ಅವರು. ಹಬ್ಬಕ್ಕೆ ಹೋದಾಗಲೆಲ್ಲ ಅಂಕಣದ ಕಂಬ, ಹಂಚಿನ ಮಾಡು, ಮಾವನ ಸುಕ್ಕುಗಟ್ಟಿದ ಕೈ – ಎಲ್ಲದರ ಚಿತ್ರ ತೆಗೆದು ಬೆಂಗಳೂರಿಗೆ ತಂದಿದ್ದೇನೆ. ಅವರ ಜೊತೆ ಕುಳಿತು ಮಾತನಾಡಿದ್ದು ಕಡಿಮೆ.

ಆ ಸಂಜೆ ಒಬೊಕೆ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತ ಆ ಅಜ್ಜನ ಎರಡು ಚಿತ್ರಗಳನ್ನು ಅಳಿಸಿದೆ. ಬಳಿಕ ಮಾವನಿಗೆ ಫೋನ್ ಮಾಡಿದೆ. ‘ಇಷ್ಟು ಹೊತ್ತಿನಲ್ಲಿ? ಏನಾಯಿತೋ?’ ಎಂದು ಗಾಬರಿಗೊಂಡರು. ಏನೂ ಇಲ್ಲ, ಸುಮ್ಮನೆ ಎಂದೆ.