ಚಾಟಿ ಅದೇ, ಮುಖ ಬೇರೆ

2005ರಲ್ಲಿ ಜಪಾನಿನ ಕೊನಾಮಿ ಕಂಪನಿ 'ಡಾನ್ ಆಫ್ ಸಾರೋ' ಎಂಬ ವಿಡಿಯೊ ಗೇಮ್ ಹೊರತಂದಾಗ ಹಳೆಯ ಅಭಿಮಾನಿಗಳಲ್ಲಿ ಅನೇಕರು ಆಟವನ್ನು ಹೊಗಳಿದರು, ಡಬ್ಬಿಯ ಮೇಲಿನ ಚಿತ್ರವನ್ನು ಬೈದರು. ನಿಂಟೆಂಡೊ ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕಾಗಿ ಮಾಡಿದ ಆಟ ಅದು. ನಾಯಕ ಸೋಮಾ ಕ್ರೂಜ್ ಈ ಅಭಿಮಾನಿಗಳಿಗೆ ಹೊಸಬನೇನೂ ಆಗಿರಲಿಲ್ಲ. ಎರಡು ವರ್ಷ ಮೊದಲು ಬಂದ 'ಏರಿಯಾ ಆಫ್ ಸಾರೋ'ದಲ್ಲಿ ಅವನು ಬೆಳ್ಳಿಗೂದಲಿನ, ಬಿಳಿಚಿಕೊಂಡ ಮುಖದ, ಯಾವುದೋ ಹಳೆಯ ಅರಮನೆಯ ತೈಲಚಿತ್ರದಿಂದ ಇಳಿದು ಬಂದಂತಿದ್ದ ತರುಣ. ಡಾನ್‌ನಲ್ಲಿ ಅದೇ ಸೋಮಾ ದಪ್ಪ ಗೆರೆ, ದೊಡ್ಡ ಕಣ್ಣು, ಚಪ್ಪಟೆ ಬಣ್ಣಗಳ ಕಾರ್ಟೂನ್ ಹುಡುಗನಾಗಿಬಿಟ್ಟಿದ್ದ. ಆಗ ಶುರುವಾದ ಜಗಳಕ್ಕೆ ಈಗ ಇಪ್ಪತ್ತು ವರ್ಷ ದಾಟಿದೆ. ತಣ್ಣಗಾಗುವ ಲಕ್ಷಣವಂತೂ ಇಲ್ಲ.

ಈ ಆಟಗಳು ಸೇರಿರುವ ಸರಣಿಯ ಹೆಸರು 'ಕ್ಯಾಸಲ್‌ವೇನಿಯಾ'. ಮೊದಲ ಆಟ ಬಂದದ್ದು 1986ರ ಸೆಪ್ಟೆಂಬರ್‌ನಲ್ಲಿ, ಜಪಾನಿನಲ್ಲಿ. ತೊಂಬತ್ತರ ದಶಕದಲ್ಲಿ ಟಿವಿ ಗೇಮ್‌ಗೆ ಕ್ಯಾಸೆಟ್ ಹಾಕಿ 'ಕಾಂಟ್ರಾ' ಆಡಿ ಬೆಳೆದ ನಮ್ಮವರಿಗೆ ಕೊನಾಮಿಯ ಹೆಸರು ನೆನಪಿರಲಿಕ್ಕಿಲ್ಲ, ಆದರೆ ಕೈಗುಣ ನೆನಪಿದ್ದೀತು. 'ಕಾಂಟ್ರಾ'ವೂ ಇದೇ ಕಂಪನಿಯದು. ಕ್ಯಾಸಲ್‌ವೇನಿಯಾದ ಕಥೆ ಸರಳ. ನೂರು ವರ್ಷಕ್ಕೊಮ್ಮೆ ಡ್ರಾಕುಲಾ ಎದ್ದು ಬರುತ್ತಾನೆ, ಬೆಲ್ಮಾಂಟ್ ವಂಶದವರೊಬ್ಬರು ಚಾಟಿ ಹಿಡಿದು ಅವನ ಕೋಟೆಗೆ ನುಗ್ಗುತ್ತಾರೆ. ಆಡುವವರಿಗೆ ಬೇಕಾದದ್ದು ಆ ಕೋಟೆ: ಗಡಿಯಾರದ ಗೋಪುರ, ನೆಲಮಾಳಿಗೆ, ಮುರಿದ ಮೆಟ್ಟಿಲು, ಹೊಡೆದರೆ ಒಡೆಯುವ ಮೇಣದಬತ್ತಿಗಳು.

ಸರಣಿಯ 'ಅಸಲಿ ರೂಪ' ಹಾಳಾಯಿತು ಎನ್ನುವವರು ಮೊದಲ ಆಟವನ್ನೊಮ್ಮೆ ಕಣ್ಣುಬಿಟ್ಟು ನೋಡಬೇಕು. ಅದರ ಶೀರ್ಷಿಕೆಯ ಪರದೆಯ ಅಂಚಿನಲ್ಲಿ ಫಿಲ್ಮ್ ರೀಲಿನ ತೂತುಗಳಿವೆ. ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯೋ, ಬೋರಿಸ್ ಕಾರ್ಲಾಫ್, ಬೆಲಾ ಲುಗೋಸಿ, ಕ್ರಿಸ್ಟೋಫರ್ ಲೀ ಮುಂತಾದ ಭಯಾನಕ ಸಿನಿಮಾ ನಟರ ಹೆಸರುಗಳನ್ನು ಬೇಕೆಂದೇ ತಿರುಚಿ ಮಾಡಿದ ತಮಾಷೆ. ಮಮ್ಮಿ, ಫ್ರಾಂಕೆನ್‌ಸ್ಟೈನ್‌ನ ದೈತ್ಯ, ಗ್ರೀಕ್ ಪುರಾಣದ ಮೆಡೂಸಾ, ಕುಡುಗೋಲು ಹಿಡಿದ ಮೃತ್ಯು, ಎಲ್ಲರೂ ಒಂದೇ ಸೂರಿನಡಿ. ನಾಯಕ ಸೈಮನ್ ಬೆಲ್ಮಾಂಟ್ ಕಾನನ್ ಸಿನಿಮಾದಿಂದ ಬಂದವನಂತೆ ಮಾಂಸಖಂಡ ತೋರಿಸುತ್ತ ನಿಂತ ಆಳು. ಒಟ್ಟಿನಲ್ಲಿ ಅದು ಹಳೆಯ ಹಾಲಿವುಡ್ ಮತ್ತು ಇಂಗ್ಲಿಷ್ ಭೂತದ ಸಿನಿಮಾಗಳನ್ನು ಪ್ರೀತಿಯಿಂದ ಗೇಲಿ ಮಾಡಿದ ಆಟ. ಇಂದು ಸರಣಿಯ ಜೀವವೆಂದು ಅಭಿಮಾನಿಗಳು ಹೇಳುವ ವಿಷಾದ, ಸೌಂದರ್ಯ, ರಾಜಗಾಂಭೀರ್ಯ ಇವು ಅಲ್ಲಿ ಹುಡುಕಿದರೂ ಸಿಕ್ಕುವುದಿಲ್ಲ.

ಕಾರ್ಟೂನ್ ಶೈಲಿಯೂ 2005ರಲ್ಲಿ ಹೊಸದಾಗಿ ನುಸುಳಿದ್ದೇನಲ್ಲ. 1993ರಲ್ಲಿ ಪಿಸಿ ಎಂಜಿನ್ ಯಂತ್ರಕ್ಕೆ ಬಂದ 'ರಾಂಡೋ ಆಫ್ ಬ್ಲಡ್' ಪಕ್ಕಾ ಜಪಾನಿ ಅನಿಮೆ. ಸಿಡಿಯಲ್ಲಿ ಜಾಗ ಸಾಕಷ್ಟಿದ್ದುದರಿಂದ ನಡುನಡುವೆ ಮಾತು, ಚಿತ್ರದ ದೃಶ್ಯಗಳೆಲ್ಲ ಸೇರಿದವು. ಅದರಲ್ಲಿ ಮರಿಯಾ ಎಂಬ ಹನ್ನೆರಡು ವರ್ಷದ ಹುಡುಗಿ ಪಾರಿವಾಳಗಳನ್ನು ಬಿಟ್ಟು ಡ್ರಾಕುಲಾನ ಸೈನ್ಯವನ್ನು ಬಡಿಯುತ್ತಾಳೆ. ಅದನ್ನು ಸರಣಿಯ ಅತ್ಯುತ್ತಮ ಆಟಗಳಲ್ಲೊಂದು ಎಂದು ಕೊಂಡಾಡುವವರು ಇವತ್ತಿಗೂ ಕಡಿಮೆಯಿಲ್ಲ. ಆದರೆ ಆ ಆಟ ಅದೇ ರೂಪದಲ್ಲಿ 2007ರವರೆಗೂ ಜಪಾನಿನಾಚೆ ಬರಲಿಲ್ಲ. ಹಾಗಾಗಿ ಅಮೆರಿಕ, ಯುರೋಪಿನ ಅಭಿಮಾನಿಗಳ ನೆನಪಿನಲ್ಲಿ ಆ ಕೊಂಡಿಯೇ ಇರಲಿಲ್ಲ.

ಅವರಲ್ಲಿ ಹಲವರ ನೆನಪು ಶುರುವಾಗುವುದೇ 1997ರ 'ಸಿಂಫನಿ ಆಫ್ ದ ನೈಟ್'ನಿಂದ. ಪ್ಲೇಸ್ಟೇಷನ್ ಬಂದ ಮೇಲೆ ಎಲ್ಲ ಕಂಪನಿಗಳೂ ಮೂರು ಆಯಾಮದ ಆಟಗಳ ಹಿಂದೆ ಬಿದ್ದಿದ್ದ ಕಾಲ. ಟೊರು ಹಗಿಹಾರಾ ನಿರ್ದೇಶನದ, ಕೋಜಿ ಇಗರಾಶಿ ಸಹನಿರ್ದೇಶಕರಾಗಿದ್ದ ತಂಡ ಹಠ ಹಿಡಿದಂತೆ ಎರಡು ಆಯಾಮದಲ್ಲೇ ಉಳಿಯಿತು. ನಾಯಕ ಡ್ರಾಕುಲಾನ ಮಗ ಅಲ್ಯುಕಾರ್ಡ್. ಅವನಿಗೆ ಮುಖ ಕೊಟ್ಟವರು ಅಯಾಮಿ ಕೊಜಿಮಾ. ಅದುವರೆಗೆ ಕಾದಂಬರಿಗಳಿಗೆ ಚಿತ್ರ ಬರೆಯುತ್ತಿದ್ದ, ತಾವಾಗಿಯೇ ಕಲಿತ ಕಲಾವಿದೆ. ವಿಡಿಯೊ ಗೇಮ್‌ಗೆ ಅದೇ ಮೊದಲ ಕೆಲಸ. ಕಪ್ಪು ಹಿನ್ನೆಲೆಯಿಂದ ಮೆಲ್ಲನೆ ಮೇಲೆದ್ದು ಬರುವ ತೆಳುಬಣ್ಣದ ಮುಖ, ಸೊಂಟ ದಾಟಿ ಇಳಿದ ಕೂದಲು, ಕೋಟಿನ ತುಂಬ ಚಿನ್ನದ ಕುಸುರಿ. ಗಂಡಸರನ್ನೂ ಅಷ್ಟು ಚೆಲುವಾಗಿ, ಅಷ್ಟು ದುಃಖಿತರಾಗಿ ಬರೆದವರು ಆ ಲೋಕದಲ್ಲಿ ಅಪರೂಪ. ಮಿಚಿರು ಯಮಾನೆ ಅವರ ಸಂಗೀತವೂ ಜೊತೆಗೂಡಿ, ಭೂತದ ಮನೆಯಂತಿದ್ದ ಕೋಟೆ ಒಂದೇ ಏಟಿಗೆ ದುರಂತ ನಾಟಕದ ರಂಗವಾಯಿತು.

ಆಮೇಲೆ ಕೊಜಿಮಾ ಅವರ ಕುಂಚ ಹಿಂದಕ್ಕೂ ಹರಿಯಿತು. ರಾಂಡೋದ ಅನಿಮೆ ನಾಯಕ ರಿಕ್ಟರ್ ಮತ್ತು ಮರಿಯಾ ಸಿಂಫನಿಯಲ್ಲಿ ಅವರ ಕೈಯಲ್ಲಿ ಬೇರೆಯೇ ಮನುಷ್ಯರಾಗಿದ್ದರು. 2001ರ 'ಕ್ಯಾಸಲ್‌ವೇನಿಯಾ ಕ್ರಾನಿಕಲ್ಸ್'ನಲ್ಲಿ ಮಾಂಸಖಂಡದ ಸೈಮನ್ ಕೆಂಪುಗೂದಲಿನ ನಾಜೂಕು ಯೋಧನಾಗಿ ಮರುಹುಟ್ಟು ಪಡೆದ. ರಾಂಡೋ 2007ರಲ್ಲಿ ಪಿಎಸ್‌ಪಿ ಯಂತ್ರಕ್ಕೆ ಹೊಸ ರೂಪದಲ್ಲಿ ಬಂದಾಗ ಅದರ ಚಿತ್ರಗಳೂ ಅವರವೇ. ಹೀಗೆ ಹತ್ತು ವರ್ಷದಲ್ಲಿ, ಸರಣಿಯ ನಡುವೆ ಬಂದ ಕಲಾವಿದೆಯ ಶೈಲಿ ಮೊದಲಿನಿಂದಲೂ ಇತ್ತೆಂಬಂತೆ ಬೇರೂರಿತು. 'ಪರಂಪರೆ' ಎಂದು ಅಭಿಮಾನಿಗಳು ಕಾಪಾಡಲು ಹೊರಟಿದ್ದು ಒಂದು ಕಾಲದ ದೊಡ್ಡ ಬಂಡಾಯವನ್ನೇ.

ಹಾಗಿದ್ದರೆ ಡಾನ್ ಬಗ್ಗೆ ಅಷ್ಟೊಂದು ಸಿಟ್ಟೇಕೆ? ಕಂಪನಿಯ ಲೆಕ್ಕಾಚಾರ ಗುಟ್ಟಿನದ್ದೇನೂ ಆಗಿರಲಿಲ್ಲ. ಡಿಎಸ್ ಕೊಳ್ಳುತ್ತಿದ್ದ ಕಿರಿಯರನ್ನು ಸೆಳೆಯಬೇಕು, ಅವರಿಗೆ ಟಿವಿಯಲ್ಲಿ ನೋಡಿ ಗೊತ್ತಿರುವ ಅನಿಮೆ ಮುಖ ಕೊಡಬೇಕು ಎಂದು ಆ ಹೊತ್ತಿಗೆ ಸರಣಿಯ ನಿರ್ಮಾಪಕರಾಗಿದ್ದ ಇಗರಾಶಿ ಬಯಸಿದ್ದರು. ಅದೇ 2005ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ 'ಕರ್ಸ್ ಆಫ್ ಡಾರ್ಕ್‌ನೆಸ್'ಗೆ ಕೊಜಿಮಾ ಅವರೇ ಚಿತ್ರ ಬರೆದರು. ಅಂದರೆ ದೊಡ್ಡವರಿಗೊಂದು, ಮಕ್ಕಳಿಗೊಂದು. ವ್ಯಾಪಾರದ ದೃಷ್ಟಿಯಿಂದ ತಪ್ಪೇನಿಲ್ಲ. ಎಡವಟ್ಟಾದದ್ದು ಮುಂದುವರಿದ ಕಥೆಯನ್ನು ಅದಕ್ಕೆ ಆರಿಸಿಕೊಂಡದ್ದರಲ್ಲಿ. ಊರಿಗೆ ಹೋದ ಅಣ್ಣ ಬೇರೆ ಯಾರದೋ ಮುಖ ಹೊತ್ತು ಮರಳಿದರೆ ಮನೆಯವರು ಒಳಗೆ ಬಿಟ್ಟುಕೊಳ್ಳುತ್ತಾರೆಯೇ? ಮಾರನೆಯ ವರ್ಷ ಹೊಸ ಪಾತ್ರಗಳೊಂದಿಗೆ, ಎರಡನೇ ಮಹಾಯುದ್ಧದ ಕಾಲದಲ್ಲಿ ನಡೆಯುವ 'ಪೋರ್ಟ್ರೇಟ್ ಆಫ್ ರೂಯಿನ್' ಅದೇ ಅನಿಮೆ ಶೈಲಿಯಲ್ಲಿ ಬಂದಾಗ ಗೊಣಗಾಟ ಇತ್ತಾದರೂ, ಇಂತಹವನ ಮುಖ ಕದ್ದರು ಎಂದು ದೂರಲು ಯಾರಿಗೂ ದಾರಿಯಿರಲಿಲ್ಲ.

ಇನ್ನೊಂದು ಮಾತು ಈ ಚರ್ಚೆಯಲ್ಲಿ ಹೆಚ್ಚಾಗಿ ಜಾರಿಹೋಗುತ್ತದೆ. ಆಡುವಾಗ ಕಣ್ಣ ಮುಂದೆ ಇರುವುದು ಕೊಜಿಮಾ ಅವರ ಚಿತ್ರವೂ ಅಲ್ಲ, ಅನಿಮೆ ಚಿತ್ರವೂ ಅಲ್ಲ. ಓಡುವುದು, ಹಾರುವುದು, ಹೊಡೆಯುವುದು ಪಿಕ್ಸೆಲ್‌ಗಳಲ್ಲಿ ಮಾಡಿದ ಬೆರಳುದ್ದದ ಗೊಂಬೆ. ಅದರ ಮುಖದಲ್ಲಿ ಕಣ್ಣು ಮೂಗಿಗೇ ಸರಿಯಾಗಿ ಜಾಗವಿಲ್ಲ. ಕಲಾವಿದರ ಚಿತ್ರ ಕಾಣುವುದು ಡಬ್ಬಿಯ ಮೇಲೆ, ಪಾತ್ರಗಳು ಮಾತಾಡುವಾಗ ಮೂಡುವ ಚೌಕದಲ್ಲಿ. ಪಿಕ್ಸೆಲ್ ಲೋಕದಲ್ಲಂತೂ ಮುರಿತವೇ ಇಲ್ಲ: ಶ್ರಮ ಉಳಿಸಲು ಇಗರಾಶಿಯ ತಂಡ ರಾಂಡೋ, ಸಿಂಫನಿ ಕಾಲದ ರಾಕ್ಷಸರ ಗೊಂಬೆಗಳನ್ನೇ ಆಟದಿಂದ ಆಟಕ್ಕೆ ಮತ್ತೆ ಮತ್ತೆ ಬಳಸಿಕೊಂಡಿತು. ಅದನ್ನೂ ಅಭಿಮಾನಿಗಳು ಬೈದರು, ಸೋಮಾರಿತನ ಎಂದು. ಬದಲಾಯಿಸಿದರೂ ಬೈಗುಳ, ಬದಲಾಯಿಸದಿದ್ದರೂ ಬೈಗುಳ!

2008 ಎರಡು ಥರದ ಉತ್ತರ ಕೊಟ್ಟ ವರ್ಷ. ಡಿಎಸ್‌ಗೆ ಬಂದ 'ಆರ್ಡರ್ ಆಫ್ ಎಕ್ಲೀಸಿಯಾ' ಅನಿಮೆಯನ್ನು ಬದಿಗಿಟ್ಟು, ಮಸಾಕಿ ಹಿರೋಕಾ ಅವರ ಮಬ್ಬುಬಣ್ಣದ ಗಂಭೀರ ಚಿತ್ರಗಳೊಂದಿಗೆ ಬಂತು. ಕೊಜಿಮಾ ಅವರ ನಕಲಾಗದೆ ಆ ದುಗುಡವನ್ನು ಹಿಡಿದದ್ದು ಅದರ ಹೆಚ್ಚುಗಾರಿಕೆ, ಹಳಬರಿಗೂ ಹಿಡಿಸಿತು. ನಿಂಟೆಂಡೊ ವೀ ಯಂತ್ರದ 'ಜಡ್ಜ್‌ಮೆಂಟ್' ಮಾತ್ರ ನೇರ ಗುಂಡಿಗೆ ಬಿತ್ತು. ಬೇರೆ ಬೇರೆ ಶತಮಾನದ ಪಾತ್ರಗಳನ್ನು ಒಟ್ಟಿಗೆ ತಂದು ಕಾದಾಡಿಸುವ ಆ ಆಟಕ್ಕೆ 'ಡೆತ್ ನೋಟ್' ಚಿತ್ರಕಥಾಸರಣಿಯ ಖ್ಯಾತಿಯ ತಕೇಶಿ ಒಬಾಟಾ ಅವರಿಂದ ಎಲ್ಲರಿಗೂ ಹೊಸ ಉಡುಪು, ಹೊಸ ಮುಖ ಮಾಡಿಸಲಾಯಿತು. ಒಬಾಟಾ ದೊಡ್ಡ ಕಲಾವಿದರೇ. ಆದರೆ ಇಪ್ಪತ್ತು ವರ್ಷದ ಮುಖಗಳನ್ನು ಒಂದೇ ದಿನ ಅಳಿಸಿದರೆ ಯಾರು ಒಪ್ಪುತ್ತಾರೆ? ಸೈಮನ್ 'ಡೆತ್ ನೋಟ್' ನಾಯಕನ ತಮ್ಮನಂತೆ ಕಾಣುತ್ತಾನೆ ಎಂಬ ಗೇಲಿ ಇನ್ನೂ ನಿಂತಿಲ್ಲ.

ಸರಣಿಯನ್ನೇ ಬುಡದಿಂದ ಕಟ್ಟುವ ಕೆಲಸ ಸ್ಪೇನಿಗೆ ಹೋಯಿತು. ಮ್ಯಾಡ್ರಿಡ್ ಬಳಿಯ ಮರ್ಕ್ಯುರಿಸ್ಟೀಮ್ ತಂಡ 2010ರಲ್ಲಿ ತಂದ 'ಲಾರ್ಡ್ಸ್ ಆಫ್ ಶ್ಯಾಡೋ' ಹಿಂದಿನ ಕಥೆಯನ್ನೆಲ್ಲ ಕೈಬಿಟ್ಟಿತು. ಹಿಮ, ಕಾಡು, ಬೆಟ್ಟದಷ್ಟು ಎತ್ತರದ ಕಲ್ಲಿನ ದೈತ್ಯರು, ರಾಬರ್ಟ್ ಕಾರ್ಲೈಲ್ ಮತ್ತು ಪ್ಯಾಟ್ರಿಕ್ ಸ್ಟೀವರ್ಟ್ ಅವರ ದನಿ, ಓಸ್ಕರ್ ಅರೌಹೊ ಅವರ ವಾದ್ಯಮೇಳ. ಡ್ರಾಕುಲಾನನ್ನು ಕೊಲ್ಲಬೇಕಾದ ಬೆಲ್ಮಾಂಟ್ ತಾನೇ ಡ್ರಾಕುಲಾ ಆಗುವ ತಿರುವು ಧೈರ್ಯದ್ದು. ಆಟ ಚೆನ್ನಾಗಿ ಮಾರಾಟವೂ ಆಯಿತು. ಹಳಬರ ಆಕ್ಷೇಪ ಚಿತ್ರದ ಅಂದಚಂದದ ಬಗ್ಗೆ ಇದ್ದಂತೆ ಕೇಳಿಸಿದರೂ ಕೆದಕಿದರೆ ಬೇರೆಯದೇ ಸಿಗುತ್ತದೆ. ತಾವೇ ದಾರಿ ಹುಡುಕಿ, ಬಂದಲ್ಲಿಗೇ ಮರಳಿ, ಬೀಗ ತೆಗೆಯುತ್ತ ಅಲೆಯುವ ಕೋಟೆ ಅಲ್ಲಿರಲಿಲ್ಲ. 'ವ್ಯಾಂಪೈರ್ ಕಿಲ್ಲರ್' ಎಂಬ ಹಳೆಯ ರಾಗ ಒಂದು ಸಂಗೀತಪೆಟ್ಟಿಗೆಯ ಹಂತದಲ್ಲಿ ಕೇಳಿಸಿದಾಗ ಅದೇ ಜನ ಪುಳಕಗೊಂಡರು. ಮುಖ ಬದಲಾದರೆ ಜಗಳವಾಡಿ ಆಡುತ್ತಾರೆ. ಕೋಟೆಯೇ ಹೋದರೆ ಆಡುವುದನ್ನೇ ಬಿಡುತ್ತಾರೆ. 2014ರ ಎರಡನೇ ಭಾಗದಲ್ಲಿ ಡ್ರಾಕುಲಾನನ್ನು ಇಲಿಯಾಗಿಸಿ ಈಗಿನ ಕಾಲದ ನಗರದಲ್ಲಿ ಕದ್ದು ಓಡಾಡಿಸಿದ್ದು ಹೊಸ ಅಭಿಮಾನಿಗಳಿಗೂ ಸಾಕಾಯಿತು.

ಅದೇ ವರ್ಷ ಇಗರಾಶಿ ಕೊನಾಮಿ ಬಿಟ್ಟರು. 2015ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ 'ಬ್ಲಡ್‌ಸ್ಟೇನ್ಡ್' ಎಂಬ ಹೊಸ ಆಟಕ್ಕೆ ಜನರ ಬಳಿ 5 ಲಕ್ಷ ಡಾಲರ್ ಕೇಳಿದರೆ 55 ಲಕ್ಷಕ್ಕೂ ಹೆಚ್ಚು ಬಂತು. ಹಣ ಕೊಟ್ಟವರಿಗೆ ಮಾತಾಡುವ ಹಕ್ಕೂ ಬಂತಲ್ಲ! ಮಾದರಿ ದೃಶ್ಯಗಳು ಬಂದಂತೆಲ್ಲ ಬೆಳಕು ಸರಿಯಿಲ್ಲ, ಗೊಂಬೆಗಳು ಪ್ಲಾಸ್ಟಿಕ್ ಥರ ಕಾಣುತ್ತವೆ ಎಂಬ ದೂರುಗಳು ಸುರಿದವು. ಇಗರಾಶಿ ಅವನ್ನು ಮುಚ್ಚಿಡಲಿಲ್ಲ. ಬಿಡುಗಡೆಗೆ ಮುನ್ನ, 2019ರ ಟ್ರೇಲರ್‌ನಲ್ಲಿ ಅಭಿಮಾನಿಗಳ ಬೈಗುಳಗಳನ್ನೇ ಪರದೆಯ ಮೇಲೆ ತೋರಿಸಿ, ಹಳೆಯ ದೃಶ್ಯದ ಪಕ್ಕದಲ್ಲಿ ತಿದ್ದಿದ ದೃಶ್ಯವನ್ನಿಟ್ಟರು. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿತ್ತು. ಜಗಳಗಂಟ ಅಭಿಮಾನಿಗಳಿಂದ ಒಂದು ಆಟಕ್ಕೆ ನೇರವಾಗಿ ಲಾಭವಾದ ಉದಾಹರಣೆ ಇದಕ್ಕಿಂತ ಸ್ಪಷ್ಟವಾಗಿ ಸಿಗುವುದು ಕಷ್ಟ.

ಈಚಿನ ಜಗಳಗಳು ನೆಟ್‌ಫ್ಲಿಕ್ಸ್ ಸುತ್ತ. ಅಮೆರಿಕದ ಟೆಕ್ಸಸ್‌ನ ಪವರ್‌ಹೌಸ್ ಅನಿಮೇಷನ್ 2017ರಿಂದ ಮಾಡಿದ ಧಾರಾವಾಹಿಯಲ್ಲಿ ಕೊಜಿಮಾ ಅವರ ಛಾಯೆ ಎದ್ದು ಕಾಣುತ್ತದೆ. ಹನ್ನೆರಡು ವರ್ಷ ಕಾಲ 'ಅನಿಮೆ ಬೇಡ, ಕೊಜಿಮಾ ಬೇಕು' ಎಂದು ಕೂಗಿದವರಿಗೆ ಕೊನೆಗೆ ಸಿಕ್ಕಿದ್ದು ಎರಡೂ ಬೆರೆತ ರೂಪ, ಅದನ್ನವರು ಖುಷಿಯಿಂದಲೇ ನೋಡಿದರು. 2023ರಲ್ಲಿ ಬಂದ ಮುಂದಿನ ಧಾರಾವಾಹಿ 'ನಾಕ್ಟರ್ನ್'ನಲ್ಲಿ ಚರ್ಚೆ ಶೈಲಿಯಿಂದ ಪಾತ್ರಕ್ಕೆ ಹೊರಳಿತು. ರಾಂಡೋದಲ್ಲಿ ರಿಕ್ಟರ್ ಬಂದು ಬಿಡಿಸಲೆಂದು ಕಾದು ಕುಳಿತ ಆನೆಟ್, ಇಲ್ಲಿ ಇಂದಿನ ಹೈಟಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಫ್ರೆಂಚ್ ಕ್ರಾಂತಿಯ ನಡುವೆ ತಾನೇ ಹೋರಾಡುವವಳು. ಮೂಲದಲ್ಲಿ ಆಕೆಗೆ ಸೆರೆಸಿಕ್ಕುವುದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ ಎಂಬುದನ್ನು ಈ ಬದಲಾವಣೆಗೆ ಸಿಟ್ಟಾದವರು ಮರೆತಂತಿದೆ.

ಡಾನ್ ಆಡಿದಾಗ ಹತ್ತು ಹನ್ನೆರಡು ವರ್ಷದವರಾಗಿದ್ದ ಮಕ್ಕಳು ಈಗ ಮೂವತ್ತು ದಾಟಿದ್ದಾರೆ. ಅವರಿಗೆ ಸೋಮಾ ಎಂದರೆ ಆ ದೊಡ್ಡ ಕಣ್ಣಿನ ಹುಡುಗನೇ. ತೈಲಚಿತ್ರದ ತರುಣನೇ ಅವರಿಗೆ ಅಪರಿಚಿತ. 2024ರ ಆಗಸ್ಟ್‌ನಲ್ಲಿ ಕೊನಾಮಿ ಡಿಎಸ್‌ನ ಮೂರೂ ಆಟಗಳನ್ನು 'ಡಾಮಿನಸ್ ಕಲೆಕ್ಷನ್' ಎಂಬ ಹೆಸರಿನಲ್ಲಿ ಮತ್ತೆ ಬಿಡುಗಡೆ ಮಾಡಿತು. ಡಾನ್‌ನಲ್ಲಿ ದೊಡ್ಡ ಶತ್ರುಗಳನ್ನು ಮುಗಿಸಲು ಪರದೆಯ ಮೇಲೆ ಗೆರೆ ಎಳೆದು ಮುದ್ರೆ ಬರೆಯಬೇಕಿತ್ತು, ಅದನ್ನೀಗ ಬಟನ್ ಒತ್ತಿಯೇ ಮಾಡಬಹುದು. ಸೋಮಾನ ಮುಖಕ್ಕೆ ಮಾತ್ರ ಯಾರೂ ಕೈ ಹಚ್ಚಿಲ್ಲ.