ಬಿಸಿಲು ಸೀಮೆಯಲ್ಲಿ ಮರಿ ಮಾಡಿಸುವಾಗ ಕಾವು ಮತ್ತು ತೇವಾಂಶದ ಹತೋಟಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ರೈತರಿಗೆ ಜವಾರಿ ಕೋಳಿ ಹೊಸದಲ್ಲ. ಹೇಂಟೆಯು ಹತ್ತು-ಹನ್ನೆರಡು ತತ್ತಿಗಳ ಮೇಲೆ ಕೂತು 21 ದಿನಗಳಲ್ಲಿ ಮರಿ ಮಾಡುವುದನ್ನು ಎಲ್ಲರೂ ಬಲ್ಲರು. ಆದರೆ ಕಾವಿಗೆ ಕೂತ ಹೇಂಟೆ ತತ್ತಿ ಇಡುವುದಿಲ್ಲ. ಆದುದರಿಂದ ಹೆಚ್ಚು ಮರಿ ಬೇಕೆನ್ನುವವರು ಇನ್‌ಕ್ಯುಬೇಟರ್ ಎಂಬ ಕಾವು ಪೆಟ್ಟಿಗೆಯನ್ನು ಬಳಸುತ್ತಾರೆ. ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸತ್ತರೆ ತತ್ತಿಯ ಬೆಲೆಯೂ ಮೂರು ವಾರದ ದುಡಿಮೆಯೂ ವ್ಯರ್ಥ. ಈ ನಷ್ಟ ತಪ್ಪಿಸಲು ನಮ್ಮ ಬಿಸಿಲು ಸೀಮೆಯಲ್ಲಿ ಎರಡು ವಿಷಯಗಳ ಮೇಲೆ ಕಣ್ಣಿಡಬೇಕು: ಮಿತಿಮೀರಿದ ಬಿಸಿ ಮತ್ತು ಒಣ ಗಾಳಿ.

ಕಾವು ಎಷ್ಟಿರಬೇಕು?

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಉಷ್ಣತೆಯು 37.5 ಡಿಗ್ರಿ ಸೆಂ. ಇರಬೇಕು. ಫ್ಯಾನ್ ಇಲ್ಲದಿದ್ದರೆ ತತ್ತಿಗಳ ಮೇಲ್ಮಟ್ಟದಲ್ಲಿ ಅಳೆದಾಗ 38.5 ಡಿಗ್ರಿ ಸೆಂ. ಆಸುಪಾಸು ಇರಲಿ. ತತ್ತಿ ಇಡುವ ಒಂದು ದಿನ ಮುಂಚೆ ಪೆಟ್ಟಿಗೆಯನ್ನು ಖಾಲಿಯಾಗಿ ನಡೆಸಿ, ಉಷ್ಣತೆ ಸ್ಥಿರವಾಗಿದೆಯೇ ನೋಡಬೇಕು.

ತತ್ತಿಗೆ ತಂಪಿಗಿಂತ ಬಿಸಿಯೇ ಹೆಚ್ಚು ಅಪಾಯ. ಕೆಲವು ತಾಸು ಕಾವು ಇಳಿದರೆ ಮರಿ ತಡವಾಗಿ ಹೊರಬರಬಹುದು. 40 ಡಿಗ್ರಿ ದಾಟಿ ಕೆಲವು ತಾಸು ನಿಂತರೆ ಒಳಗಿನ ಪಿಂಡವೇ ಸಾಯುತ್ತದೆ. ಸಾಮಾನ್ಯ ಪೆಟ್ಟಿಗೆಯಲ್ಲಿ ಕಾಯಿಸುವ ಸಾಧನವುಂಟು, ತಣಿಸುವ ಸಾಧನವಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ಇರುವಾಗ ತಗಡಿನ ಷೆಡ್ಡಿನಲ್ಲಿಟ್ಟ ಪೆಟ್ಟಿಗೆಯನ್ನು ಯಾವ ಥರ್ಮೋಸ್ಟಾಟೂ ಕಾಪಾಡಲಾರದು. ಹುನಗುಂದ ಕಡೆಯ ಮಣ್ಣಿನ ಮಾಳಿಗೆ ಮನೆ, ಬಾದಾಮಿಯ ದಪ್ಪ ಕಲ್ಲುಗೋಡೆಯ ಕೋಣೆ ಇದಕ್ಕೆ ಉತ್ತಮ. ಕಡು ಬೇಸಿಗೆಯಲ್ಲಿ ಮರಿ ಮಾಡಿಸದಿರುವುದೇ ಲೇಸು.

ತೇವಾಂಶದ ಮಹತ್ವ

ಒಣ ಗಾಳಿಗೆ ನೂಲು ಹರಿಯುವುದನ್ನು ಇಳಕಲ್ಲಿನ ನೇಕಾರರು ಬಲ್ಲರು. ತತ್ತಿಯ ಒಳಪೊರೆಯೂ ಹಾಗೆಯೇ ಒಣಗಿ ಬಿಗಿಯುತ್ತದೆ. ಮರಿ ಅದಕ್ಕೆ ಅಂಟಿಕೊಂಡು ತಿರುಗಲಾರದೆ ಸಾಯುತ್ತದೆ. ಮೊದಲ 18 ದಿನ ತೇವಾಂಶ ಶೇಕಡಾ 50 ರಿಂದ 55, ಕೊನೆಯ ಮೂರು ದಿನ ಶೇಕಡಾ 65 ರಿಂದ 70 ಇರತಕ್ಕದ್ದು. ಬುಡಕ್ಕೆ ಒದ್ದೆ ಅರಿವೆ ಸುತ್ತಿದ ಇನ್ನೊಂದು ಥರ್ಮಾಮೀಟರನ್ನು ಫ್ಯಾನ್ ಗಾಳಿಗೆ ಇಟ್ಟರೆ, ಅದು ಮೊದಲು 29 ಡಿಗ್ರಿ, ಕೊನೆಗೆ ಸುಮಾರು 32 ಡಿಗ್ರಿ ತೋರಿಸಬೇಕು. ತೇವಾಂಶ ಹೆಚ್ಚಿಸಲು ಆಳವಾದ ಪಾತ್ರೆಗಿಂತ ಅಗಲ ಬಾಯಿಯ ತಟ್ಟೆ ಮೇಲು. ಆವಿ ಏಳುವುದು ನೀರಿನ ಮೇಲ್ಮೈಯಿಂದ, ಆಳದಿಂದಲ್ಲ.

ತಕ್ಕಡಿಯೇ ಸಾಕ್ಷಿ

ತತ್ತಿಯು 18 ದಿನಗಳಲ್ಲಿ ತನ್ನ ತೂಕದ ಸುಮಾರು ಶೇಕಡಾ 12 ಕಳೆದುಕೊಳ್ಳಬೇಕು. 40 ಗ್ರಾಮಿನ 50 ತತ್ತಿಗಳ ತೂಕ 2,000 ಗ್ರಾಂ ಎನ್ನೋಣ. 7ನೇ ದಿನ ಸುಮಾರು 1,907, 14ನೇ ದಿನ 1,813, 18ನೇ ದಿನ 1,760 ಗ್ರಾಂ ಇದ್ದರೆ ತೇವಾಂಶ ಸರಿಯಾಗಿದೆ. ಇದಕ್ಕಿಂತ ಬಹಳ ಕಡಿಮೆಯಾದರೆ ನೀರಿನ ತಟ್ಟೆ ಹೆಚ್ಚಿಸಿರಿ. ತೂಕ ಇಳಿಯದಿದ್ದರೆ ತಟ್ಟೆ ಕಡಿಮೆ ಮಾಡಿರಿ. ನಡುವೆ ತೆಗೆದುಹಾಕಿದ ತತ್ತಿಗಳ ತೂಕವನ್ನು ಲೆಕ್ಕದಿಂದ ಬಿಡುವುದು ಅವಶ್ಯ.

ಕರೆಂಟು ಹೋದಾಗ

ಮೊದಲ ಎರಡು ವಾರಗಳಲ್ಲಿ ಕೋಣೆ ತಂಪಿದ್ದರೆ ಪೆಟ್ಟಿಗೆ ತೆರೆಯದೆ ಮೇಲೆ ಕಂಬಳಿ ಹೊದಿಸಿರಿ. ಗಾಳಿಕಿಂಡಿ ಮಾತ್ರ ಮುಚ್ಚಬಾರದು. ನಂತರ ಬೆಳೆದ ಮರಿಗಳೇ ಬಿಸಿ ಹುಟ್ಟಿಸುತ್ತವೆ, ಅವುಗಳಿಗೆ ಗಾಳಿಯೂ ಹೆಚ್ಚು ಬೇಕು. ಆಗ, ವಿಶೇಷವಾಗಿ ಮಧ್ಯಾಹ್ನದ ಬಿಸಿಲಿನಲ್ಲಿ, ಕಿಂಡಿಗಳನ್ನು ಪೂರ್ತಿ ತೆರೆದು ಥರ್ಮಾಮೀಟರ್ ನೋಡುತ್ತಿರಬೇಕು.

ದಿನಕ್ಕೆ ಮೂರು ಅಥವಾ ಐದು ಸಲ ತತ್ತಿ ತಿರುವಿರಿ. 18ನೇ ದಿನ ತಿರುವುವುದನ್ನು ನಿಲ್ಲಿಸಿ, ತಟ್ಟೆಗೆ ಬೆಚ್ಚಗಿನ ನೀರು ತುಂಬಿ ಮುಚ್ಚಿರಿ. ಮರಿಗಳು ಒಡೆದು ಬರುವಾಗ ನೋಡುವ ಆಸೆಗೆ ಮುಚ್ಚಳ ತೆಗೆದರೆ ತೇವ ಹಾರಿಹೋಗುತ್ತದೆ.

ಸೋತರೆ ಕಲಿಯಿರಿ

ಮರಿಗಳು 20ನೇ ದಿನಕ್ಕೂ ಮುಂಚೆ ಬಂದು ಹೊಕ್ಕಳು ಹಸಿಯಾಗಿದ್ದರೆ ಕಾವು ಹೆಚ್ಚಾಗಿದೆ. 22 ದಾಟಿದರೆ ಕಾವು ಸಾಲದು. ಚಿಪ್ಪಿಗೆ ಅಂಟಿದ್ದರೆ ತೇವ ಕಡಿಮೆ. ಉಬ್ಬಿ ತೊಯ್ದು ಸತ್ತಿದ್ದರೆ ತೇವ ಹೆಚ್ಚು. ಒಡೆಯದ ತತ್ತಿಗಳನ್ನು ತಿಪ್ಪೆಗೆ ಎಸೆಯುವ ಮುನ್ನ ಒಡೆದು ನೋಡಿರಿ, ಕಂಡದ್ದನ್ನು ಬರೆದಿಡಿರಿ. ಮುಂದಿನ ಸಲದ ಮರಿಗಳನ್ನು ಉಳಿಸುವುದು ಆ ಬರಹವೇ.